ಮೊದಲ ಸಲ ಕ್ಯಾರವಾನ್ ಎಳೆದುಕೊಂಡು ಯುರೋಪ್ ಸುತ್ತುವವರಿಗೆ

ಒಂದೇ ಸಲಕ್ಕೆ ಆರೇಳು ದೇಶ ಬೇಡ. ಎರಡು ವಾರಕ್ಕೆ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಧಾರಾಳ ಸಾಕು. ಒಂದೊಂದು ಕ್ಯಾಂಪ್‌ಸೈಟ್‌ನಲ್ಲಿ ಮೂರು ರಾತ್ರಿಯಾದರೂ ಇರಿ, ದಿನಾ ಬಿಚ್ಚಿ ಕಟ್ಟುವುದರಲ್ಲೇ ರಜೆ ಮುಗಿದರೆ ಬೇಜಾರು ಅಲ್ವಾ?

ಟೋಲ್ ಲೆಕ್ಕ ಮಾತ್ರ ಮನೆಯಲ್ಲೇ ಮಾಡಿಕೊಳ್ಳಿ, ದೇಶಕ್ಕೊಂದು ನಿಯಮ ಇರುವುದರಿಂದ ಇಲ್ಲಿ ಎಡವುವುದು ತುಂಬಾ ಸುಲಭ. ಫ್ರಾನ್ಸ್‌ನ ಹೆದ್ದಾರಿಗಳಲ್ಲಿ ಹೆಚ್ಚಿನ ಕಡೆ ಹೋದಷ್ಟು ದೂರಕ್ಕೆ ದುಡ್ಡು. ಸ್ವಿಟ್ಜರ್ಲೆಂಡ್‌ನಲ್ಲಿ ವಿನ್ಯೆಟ್, ಅಂದರೆ ಹೆದ್ದಾರಿ ಬಳಸಲು ಮೊದಲೇ ಕೊಳ್ಳುವ ಪಾಸ್ ಬೇಕು, ಒಂದೇ ದಿನ ಹಾದುಹೋದರೂ 40 ಫ್ರಾಂಕ್‌ನ ವರ್ಷದ್ದೇ ತೆಗೆದುಕೊಳ್ಳಬೇಕು, ಅದೂ ಕಾರಿಗೊಂದು, ಕ್ಯಾರವಾನ್‌ಗೆ ಇನ್ನೊಂದು. ಆಸ್ಟ್ರಿಯಾದಲ್ಲಿ ಮಾಮೂಲಿ ಕಾರಿನ ವಿನ್ಯೆಟ್ ಸಾಕು, ಆದರೆ ಇಟಲಿ ಕಡೆಗೆ ಹೋಗುವ ಬ್ರೆನ್ನರ್ ಹೆದ್ದಾರಿಗೆ ಬೇರೆ ಟೋಲ್. ಜರ್ಮನಿ ಮೂಲಕ ಹೋದರೆ ವೇಗ ಗಂಟೆಗೆ 80 ಕಿಲೋಮೀಟರ್ ದಾಟಬಾರದು, 100ಕ್ಕೆ ಪ್ರತ್ಯೇಕ ಅನುಮತಿ ಇರಬೇಕು.

ಭಾರದ ಸಾಮಾನು ಕೆಳಗೆ, ಚಕ್ರದ ಅಚ್ಚಿನ ಹತ್ತಿರ ಇಡಿ. ಹಿಂದೆ ತುಂಬಿದರೆ ಕ್ಯಾರವಾನ್ ಓಲಾಡುತ್ತದೆ, ಅದು ನಿಜಕ್ಕೂ ಅಪಾಯ. ತುಂಬಿದ ಮೇಲೆ ಒಮ್ಮೆ ತೂಕ ಹಾಕಿಸಿ.

ಗ್ಯಾಸ್ ಸಿಲಿಂಡರ್‌ನ ಜೋಡಣೆ ದೇಶದಿಂದ ದೇಶಕ್ಕೆ ಬೇರೆ, ಹಾಗಾಗಿ ತುಂಬಿದ್ದನ್ನೇ ಒಯ್ಯಿರಿ. ಜುಲೈ, ಆಗಸ್ಟ್‌ನಲ್ಲಿ ಕೆರೆ, ಸಮುದ್ರದ ಪಕ್ಕದ ಜಾಗ ಬೇಕಿದ್ದರೆ ತಿಂಗಳುಗಳ ಮೊದಲೇ ಬುಕ್ ಮಾಡಿ. ಆಗುವುದಾದರೆ ಜೂನ್ ಅಥವಾ ಸೆಪ್ಟೆಂಬರ್‌ನಲ್ಲಿ ಹೋಗಿ, ಜನವೂ ಕಡಿಮೆ, ಬಾಡಿಗೆಯೂ ಕಡಿಮೆ.