ಮೂರು ಸಲ ನಿಂತೆ, ಒಂದು ಸಲ ಠೇವಣಿ ಉಳಿಯಿತು

ಮಂಡ್ಯ ಜಿಲ್ಲೆಯ ಒಂದು ಕ್ಷೇತ್ರದಿಂದ ನಾನು ಮೂರು ಸಲ ವಿಧಾನಸಭೆಗೆ ನಿಂತೆ. 1989, 1994, 2004. ಮೂರೂ ಸಲ ಕಮಲದ ಗುರುತು, ಮೂರೂ ಸಲ ಸೋಲು. ಊರಲ್ಲಿ ನನ್ನದೊಂದು ಗೊಬ್ಬರದ ಅಂಗಡಿ ಇದೆ. ಈಗಲೂ ಯೂರಿಯಾ ಚೀಲ ಎತ್ತಿಕೊಡುವಾಗ ಯಾರಾದರೂ "ಏನ್ ಎಮ್ಮೆಲ್ಲೆ ಸಾಹೇಬ್ರೇ" ಅಂತ ರೇಗಿಸುತ್ತಾರೆ.

ಮೊದಲ ಸಲ ಟಿಕೆಟ್ ಸಿಕ್ಕಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಕೇಳುವವರು ಬೇರೆ ಯಾರೂ ಇರಲಿಲ್ಲ. ಆಗ ನಮ್ಮ ಕಡೆ ಜನಕ್ಕೆ ಗೊತ್ತಿದ್ದ ಗುರುತು ಎರಡೇ, ಕಾಂಗ್ರೆಸ್ಸಿನ ಕೈ ಮತ್ತು ಜನತಾದಳದ ಚಕ್ರ. ಠೇವಣಿ 250 ರೂಪಾಯಿ. ಸರಿಯಾಗಿ ಬಿದ್ದ ವೋಟಿನಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬಂದರೆ ಮಾತ್ರ ಅದು ವಾಪಸ್. ಅಂದರೆ ಲಕ್ಷ ವೋಟಿಗೆ 16,667 ಬೇಕು. ನಾನು ಅದರ ಹತ್ತಿರಕ್ಕೂ ಹೋಗಲಿಲ್ಲ. ಆ ಸಲ ಇಡೀ ರಾಜ್ಯದಲ್ಲಿ ಕಾಂಗ್ರೆಸ್ 178 ಗೆದ್ದಿತು, ನಾವು ಗೆದ್ದದ್ದು 4. ಹಾಗಾಗಿ ಮನೆಯಲ್ಲಿ ಯಾರೂ ಅಳಲಿಲ್ಲ.

1994ರಲ್ಲಿ ಮಾತ್ರ ಆಸೆ ಇತ್ತು. ಅಯೋಧ್ಯೆಯ ಸುದ್ದಿ ಹಳ್ಳಿ ಹಳ್ಳಿಗೂ ಮುಟ್ಟಿತ್ತು. ಆ ವರ್ಷ ಆಗಸ್ಟ್ 15ರಂದು ಹುಬ್ಬಳ್ಳಿ ಈದ್ಗಾ ಮೈದಾನದಲ್ಲಿ ರಾಷ್ಟ್ರಧ್ವಜ ಹಾರಿಸುವ ಗಲಾಟೆಯಲ್ಲಿ ಗೋಲಿಬಾರ್ ಆಗಿತ್ತು. ನನ್ನ ಭಾಷಣವೆಲ್ಲ ಅದೇ. ಒಂದು ಊರಿನ ಅರಳಿಕಟ್ಟೆಯಲ್ಲಿ ಅರ್ಧ ಗಂಟೆ ಗಂಟಲು ಹರಿದುಕೊಂಡು ಮುಗಿಸಿದೆ. ಮುಂದೆ ಕೂತಿದ್ದ ತಾತ ಬೀಡಿ ಆರಿಸಿ ಕೇಳಿದ: "ಅದೆಲ್ಲಾ ಸರಿ ಕಣಪ್ಪ, ಹುಬ್ಳಿ ಎಷ್ಟು ದೂರ? ನಮ್ಮ ನಾಲೆ ಕೊನೆಗೆ ನೀರು ಯಾವಾಗ ಬತ್ತದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನೂ ಕಬ್ಬು ಬೆಳೆಯುವವನೇ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆಯ ಗದ್ದೆಗಳ ಕಷ್ಟ, ಕಬ್ಬಿನ ಬಾಕಿ, ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಿ ಅಂದ ಕಾವೇರಿ ಮಧ್ಯಂತರ ಆದೇಶ, ಇವನ್ನೆಲ್ಲ ಅಂಗಡಿ ಜಗಲಿ ಮೇಲೆ ದಿನಾ ಮಾತಾಡುತ್ತಿದ್ದೆ. ಮೈಕ್ ಕೈಗೆ ಬಂದ ಕೂಡಲೇ ಮರೆತಿದ್ದೆ. ದೇವೇಗೌಡರ ಜನತಾದಳ 115 ಗೆದ್ದಿತು. ನಾವೂ 40ಕ್ಕೆ ಏರಿದೆವು, ಆದರೆ ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ನನ್ನ ಠೇವಣಿ ಮತ್ತೆ ಹೋಯಿತು.

2004ಕ್ಕೆ ಠೇವಣಿ 5,000 ಆಗಿತ್ತು. ಹೆಂಡತಿ "ಈ ಸಲ ಕಳೆದ್ರೆ ಅಷ್ಟೇ ದುಡ್ಡು ನನ್ನ ಕೈಗೂ ಕೊಡಿ" ಅಂದಳು. ಆ ಸಲ ಭಾಷಣ ಕಮ್ಮಿ ಮಾಡಿದೆ. ಬರೀ ಬೂತ್ ಹಿಡಿದು ಕೂತೆ. ಮತದಾರರ ಪಟ್ಟಿ ತಂದು ಮನೆ ಮನೆಗೆ ಚೀಟಿ ಬರೆಸಿದೆ. ಹೆಸರು, ಕ್ರಮಸಂಖ್ಯೆ, ಯಾವ ಶಾಲೆ, ಎಷ್ಟನೇ ಕೊಠಡಿ. ಚೀಟಿ ಬರೆಯುವಾಗಲೇ ಗೊತ್ತಾಗುತ್ತದೆ ಯಾರು ಬೆಂಗಳೂರಿಗೆ ಹೋಗಿದ್ದಾರೆ, ಯಾರು ತೀರಿಕೊಂಡಿದ್ದಾರೆ, ಯಾವ ಮನೆಯಲ್ಲಿ ಅಣ್ಣ ತಮ್ಮ ಮಾತು ಬಿಟ್ಟಿದ್ದಾರೆ ಅಂತ. ಆ ಕೆಲಸವನ್ನು ಮೊದಲೆರಡು ಸಲವೂ ಮಾಡಬೇಕಿತ್ತು.

ಕಷ್ಟ ಇದ್ದದ್ದು ಬೂತಿನೊಳಗೆ ನಮ್ಮ ಪರ ಕೂರುವ ಏಜೆಂಟರದು. ಬೆಳಿಗ್ಗೆ ಏಳಕ್ಕೆ ಮುಂಚೆ ಹೋಗಿ ಸಂಜೆವರೆಗೆ ಬೆಂಚಿನ ಮೇಲೆ ಕೂರುವ, ಊರವರ ಮುಖ ಗೊತ್ತಿರುವ ಮನುಷ್ಯ ಬೇಕು. ಅವನಿಗೆ ತಿಂಡಿ, ಊಟ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಇಲ್ಲದಿದ್ದರೆ ಬೇರೆ ಪಕ್ಷದವರ ಚಿತ್ರಾನ್ನ ತಿಂದು ಅವರ ಜೊತೆಗೇ ಹರಟೆಗೆ ಕೂರುತ್ತಾನೆ. ತಪ್ಪೂ ಅಲ್ಲ, ಹಸಿವು ಅಲ್ವಾ. ಎಲ್ಲ ಬೂತಿಗೂ ಜನ ಸಿಗಲಿಲ್ಲ. ಸಿಕ್ಕ ಕಡೆ ಮಾತ್ರ ಗಟ್ಟಿ ಮಾಡಿದೆ.

ಖರ್ಚಿನ ಪುಸ್ತಕವನ್ನೂ ದಿನಾ ಬರೆದೆ. ಗೆಲ್ಲಲಿ ಸೋಲಲಿ, ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಲೇಬೇಕು. ಸೋತ ಬೇಜಾರಿನಲ್ಲಿ ಇದನ್ನು ಬಿಟ್ಟರೆ ಮೂರು ವರ್ಷ ನಿಲ್ಲುವ ಹಾಗಿಲ್ಲ ಅಂತ ಮಾಡಬಹುದು.

ಎಣಿಕೆ ದಿನ ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಹಿಂದೆ ಬ್ಯಾಲೆಟ್ ಕಟ್ಟು ಬಿಚ್ಚಿ ಎಣಿಸುವಷ್ಟರಲ್ಲಿ ರಾತ್ರಿಯಾಗುತ್ತಿತ್ತು. ಈಗ ಮತಯಂತ್ರ, ಒಂದೊಂದು ಬೂತಿನ ಲೆಕ್ಕ ಕಣ್ಣ ಮುಂದೆಯೇ. ನಾನು ಮೂರನೇ ಸ್ಥಾನ. ಪಕ್ಷ ರಾಜ್ಯದಲ್ಲಿ 79 ಗೆದ್ದು ಎಲ್ಲರಿಗಿಂತ ದೊಡ್ಡದಾಯಿತು, ನಮ್ಮ ಜಿಲ್ಲೆ ಮಾತ್ರ ಅಲ್ಲಾಡಲಿಲ್ಲ. ಇಲ್ಲಿ ಮೊದಲ ಸಲ ಗೆದ್ದದ್ದು 2019ರ ಉಪಚುನಾವಣೆಯಲ್ಲಿ, ಕೆ.ಆರ್. ಪೇಟೆಯಲ್ಲಿ. ಗೆದ್ದ ನಾರಾಯಣಗೌಡರು ಅದಕ್ಕೂ ಮುಂಚೆ ಜೆಡಿಎಸ್‌ನಿಂದ ಶಾಸಕರಾಗಿದ್ದವರು. 2023ರಲ್ಲಿ ಅದೂ ಕೈಬಿಟ್ಟಿತು.

ಆದರೆ ನನ್ನ ಠೇವಣಿ ಉಳಿಯಿತು. ಕೂದಲೆಳೆಯಲ್ಲಿ. ದುಡ್ಡು ಕೈಗೆ ಬರಲು ಎಷ್ಟೋ ದಿನ ಹಿಡಿಯಿತು, ಬಂದದ್ದು ಸೀದಾ ಜೀಪಿನವನ ಬಾಕಿಗೆ ಹೋಯಿತು.

ಒಂದು ಬೂತಿನ ಲೆಕ್ಕ ಮಾತ್ರ ಇನ್ನೂ ತಲೆಯಲ್ಲಿದೆ. ಅಲ್ಲಿ ನಮ್ಮ ಏಜೆಂಟು, ಅವನ ಹೆಂಡತಿ, ತಮ್ಮ, ತಾಯಿ, ಒಟ್ಟು ನಾಲ್ಕು ವೋಟು. ಯಂತ್ರದಲ್ಲಿ ನನಗೆ ತೋರಿಸಿದ್ದು ಎರಡು. ಅವನು ಈಗಲೂ ಅಂಗಡಿಗೆ ಬರುತ್ತಾನೆ, ಗೊಬ್ಬರ ಸಾಲಕ್ಕೆ ಒಯ್ಯುತ್ತಾನೆ. ಆ ಎರಡರಲ್ಲಿ ನಿನ್ನದೂ ಇತ್ತೇನಯ್ಯಾ ಅಂತ ಕೇಳಲು ಇನ್ನೂ ಬಾಯಿ ಬಂದಿಲ್ಲ.