ಮೂರು ಸರ್ವರ್‌ಗಳಲ್ಲಿ ಒಂದೇ ಏಕೆ ಏದುಸಿರು ಬಿಡುತ್ತದೆ?

ವೆಬ್‌ಸೈಟಿಗೆ ಬರುವವರು ಹೆಚ್ಚಾದರೆ ಸರ್ವರ್‌ಗಳನ್ನು ಮೂರಕ್ಕೇರಿಸಿ, ಮುಂದೊಂದು ಲೋಡ್ ಬ್ಯಾಲೆನ್ಸರ್ (ಬರುವ ಕೆಲಸವನ್ನು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ) ಇಡುತ್ತಾರೆ. ಆಮೇಲೆ ನೋಡಿದರೆ ಒಂದರ ಸಿಪಿಯು ಶೇ 90 ದಾಟಿರುತ್ತದೆ, ಇನ್ನೆರಡು ಶೇ 20ರಲ್ಲಿ ಆರಾಮಾಗಿರುತ್ತವೆ. ನಾಲ್ಕನೆಯದನ್ನು ಸೇರಿಸೋಣ ಅನ್ನುವವರು ಆಗ ಖಂಡಿತ ಇರುತ್ತಾರೆ. ತಡೆಯಿರಿ. ಹಂಚಿಕೆಯೇ ಕೆಟ್ಟಿದ್ದರೆ ನಾಲ್ಕನೆಯದೂ ಸುಮ್ಮನೆ ಕೂರುತ್ತದೆ, ಬಿಲ್ ಮಾತ್ರ ಏರುತ್ತದೆ. ಈ ಹಂಚಿಕೆಗೆ ಬಹಳ ಕಡೆ ಬಳಕೆಯಲ್ಲಿರುವ ಎಂಜಿನ್‌ಎಕ್ಸ್ (nginx) ತಂತ್ರಾಂಶವನ್ನೇ ಇಟ್ಟುಕೊಂಡು ನೋಡೋಣ.

1. ಮೊದಲು ಎಣಿಸಿ

ಸಿಪಿಯು ಗ್ರಾಫ್ ನೋಡಿ ತೀರ್ಮಾನಿಸಬೇಡಿ. ಯಾವ ರಿಕ್ವೆಸ್ಟ್ ಯಾವ ಸರ್ವರ್‌ಗೆ ಹೋಯಿತು ಎಂಬುದು ಎಂಜಿನ್‌ಎಕ್ಸ್‌ನ ಮಾಮೂಲಿ ಲಾಗ್‌ನಲ್ಲಿ (ದಾಖಲೆ ಕಡತದಲ್ಲಿ) ಇರುವುದಿಲ್ಲ. ಲಾಗ್ ಫಾರ್ಮ್ಯಾಟ್‌ಗೆ ಅಪ್‌ಸ್ಟ್ರೀಮ್ (ಹಿಂದಿರುವ ಸರ್ವರ್) ವಿಳಾಸವನ್ನೂ ಆ ಸರ್ವರ್ ಉತ್ತರಿಸಲು ತೆಗೆದುಕೊಂಡ ಸಮಯವನ್ನೂ ನೀವೇ ಸೇರಿಸಬೇಕು. ಬಳಿಕ ದಟ್ಟಣೆ ಇರುವ ಒಂದು ಗಂಟೆಯ ಲಾಗ್ ತೆಗೆದು, ಸರ್ವರ್‌ವಾರು ಎಣಿಸಿ. ಐದು ನಿಮಿಷದ ಲಾಗ್ ಸಾಲದು. ಕಾನ್ಫಿಗ್‌ನ ಅಪ್‌ಸ್ಟ್ರೀಮ್ ಪಟ್ಟಿಯಲ್ಲಿ ‘ಝೋನ್’ (ಎಲ್ಲ ವರ್ಕರ್‌ಗಳೂ ಹಂಚಿಕೊಳ್ಳುವ ಮೆಮೊರಿ) ಕೊಡದಿದ್ದರೆ ಎಂಜಿನ್‌ಎಕ್ಸ್‌ನ ಪ್ರತಿ ವರ್ಕರ್ ಪ್ರೊಸೆಸ್ (ರಿಕ್ವೆಸ್ಟ್ ನಿಭಾಯಿಸುವ ಘಟಕ) ತನ್ನದೇ ಲೆಕ್ಕ ಇಟ್ಟುಕೊಂಡು ಸರದಿ ಹಂಚುತ್ತದೆ. ರಿಕ್ವೆಸ್ಟ್ ಕಡಿಮೆ ಇದ್ದಾಗ ಏರುಪೇರು ಕಾಣುವುದು ಸಹಜ.

2. ಲೆಕ್ಕ ಸಮನಾಗಿದ್ದರೆ

ಹಂಚಿಕೆ ಸರಿಯಿದೆ, ಕೆಲಸದ ತೂಕ ಬೇರೆ ಎಂದರ್ಥ. ರೌಂಡ್ ರಾಬಿನ್ ಪದ್ಧತಿ ಸರದಿಯನ್ನಷ್ಟೇ ನೋಡುತ್ತದೆ. ಲೋಗೊ ಚಿತ್ರ ಕೇಳಿದರೂ ಒಂದೇ, ಇಡೀ ವರ್ಷದ ವರದಿಯ ಪಿಡಿಎಫ್ ಕೇಳಿದರೂ ಅದಕ್ಕೆ ಒಂದೇ. ಇಂಥಲ್ಲಿ ‘ಲೀಸ್ಟ್ ಕನೆಕ್ಷನ್’ಗೆ ಬದಲಾಯಿಸಿ, ಯಾರ ಕೈಯಲ್ಲಿ ಕೆಲಸ ಕಡಿಮೆಯಿದೆಯೋ ಅವರಿಗೆ ಮುಂದಿನ ರಿಕ್ವೆಸ್ಟ್ ಹೋಗುತ್ತದೆ. ಅದಕ್ಕೂ ಮುಂಚೆ, ಬಿಸಿಯಾದ ಸರ್ವರ್‌ನಲ್ಲಿ ಯಾರಾದರೂ ಬ್ಯಾಕಪ್‌ನ ಕ್ರಾನ್ ಜಾಬ್ (ನಿಗದಿತ ಸಮಯಕ್ಕೆ ತಾನಾಗಿ ನಡೆಯುವ ಕೆಲಸ) ಇಟ್ಟಿದ್ದಾರೆಯೇ ನೋಡಿ.

3. ಲೆಕ್ಕವೇ ಏರುಪೇರಾಗಿದ್ದರೆ

ಕಾನ್ಫಿಗ್ ಫೈಲ್ ತೆರೆಯಿರಿ. ಹಿಂದೆಂದೋ ಪರೀಕ್ಷೆಗೆಂದು ಹಾಕಿದ ‘ವೆಯ್ಟ್’ (ಒಂದು ಸರ್ವರ್‌ಗೆ ಹೆಚ್ಚು ಪಾಲು ಕೊಡುವ ಸೂಚನೆ) ಉಳಿದಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು. ಇಲ್ಲವಾದರೆ ನನ್ನ ಅನುಮಾನ ನೇರವಾಗಿ ಐಪಿ ಹ್ಯಾಶ್ ಮೇಲೆ. ಲಾಗಿನ್ ಆದವರು ಪದೇ ಪದೇ ಹೊರಬೀಳಬಾರದೆಂದು ಒಬ್ಬ ಬಳಕೆದಾರನನ್ನು ಅವನ ಐಪಿ ವಿಳಾಸದ ಆಧಾರದಲ್ಲಿ ಒಂದೇ ಸರ್ವರ್‌ಗೆ ಕಟ್ಟಿಹಾಕುವ ಉಪಾಯ ಇದು.

ಎಂಜಿನ್‌ಎಕ್ಸ್‌ನ ಐಪಿ ಹ್ಯಾಶ್ ಐಪಿವಿ4 (ಇಂಟರ್‌ನೆಟ್ ವಿಳಾಸದ ಹಳೆಯ ಮಾದರಿ) ವಿಳಾಸದ ಮೊದಲ ಮೂರು ಭಾಗಗಳನ್ನಷ್ಟೇ ಪರಿಗಣಿಸುತ್ತದೆ. 203.0.113.7 ಆಗಲಿ, 203.0.113.250 ಆಗಲಿ, ಎರಡೂ ಒಂದೇ ಸರ್ವರ್‌ಗೆ. ಇತ್ತ ಮೊಬೈಲ್ ಕಂಪನಿಗಳು ಐಪಿವಿ4 ವಿಳಾಸಗಳ ಕೊರತೆಯಿಂದ ಅಸಂಖ್ಯ ಗ್ರಾಹಕರನ್ನು ಕೆಲವೇ ವಿಳಾಸಗಳ ಹಿಂದೆ ಕೂರಿಸಿವೆ. ದೊಡ್ಡ ಆಫೀಸು, ಕಾಲೇಜುಗಳದ್ದೂ ಇದೇ ಕಥೆ. ಪರೀಕ್ಷೆಯ ಫಲಿತಾಂಶ ಬಂದ ದಿನ ಅರ್ಧ ಊರೇ ಫೋನ್ ಹಿಡಿದು ಬಂದರೂ ಲೋಡ್ ಬ್ಯಾಲೆನ್ಸರ್ ಕಣ್ಣಿಗೆ ಬೆರಳೆಣಿಕೆಯ ವಿಳಾಸಗಳೇ ಕಾಣುತ್ತವೆ. (ಹೊಸ ಮಾದರಿಯ ಐಪಿವಿ6ನಲ್ಲಿ ಪೂರ್ತಿ ವಿಳಾಸ ಲೆಕ್ಕಕ್ಕೆ ಬರುವುದರಿಂದ ಈ ಕಾಟ ಕಡಿಮೆ.) ಮುಂದೆ ಸಿಡಿಎನ್ (ಪುಟಗಳ ಪ್ರತಿಗಳನ್ನು ಬಳಕೆದಾರರ ಹತ್ತಿರದಿಂದ ಒದಗಿಸುವ ಸೇವೆ) ಇದ್ದರಂತೂ ಬಳಕೆದಾರರ ವಿಳಾಸದ ಬದಲು ಸಿಡಿಎನ್‌ನದೇ ಕಾಣುತ್ತದೆ; ನಿಜವಾದ ವಿಳಾಸ ಪತ್ತೆಹಚ್ಚುವ ರಿಯಲ್ ಐಪಿ ಮಾಡ್ಯೂಲ್ ಹೊಂದಿಸದೆ ಹ್ಯಾಶ್ ಮಾಡುವುದರಲ್ಲಿ ಅರ್ಥವಿಲ್ಲ.

ಖಾತ್ರಿಪಡಿಸಿಕೊಳ್ಳಲು ಲಾಗ್‌ನ ಐಪಿವಿ4 ವಿಳಾಸಗಳ ಕೊನೆಯ ಭಾಗ ಕತ್ತರಿಸಿ, ಉಳಿದದ್ದನ್ನು ಗುಂಪುಮಾಡಿ ಎಣಿಸಿ. ಮೊದಲ ಹತ್ತು ಗುಂಪುಗಳೇ ಅರ್ಧ ಟ್ರಾಫಿಕ್ ತಂದಿದ್ದರೆ ಕಾರಣ ಸಿಕ್ಕಿತು. ಸೆಷನ್ ಮಾಹಿತಿಯನ್ನು (ಯಾರು ಲಾಗಿನ್ ಆಗಿದ್ದಾರೆ ಎಂಬಂಥದ್ದು) ಎಲ್ಲ ಸರ್ವರ್‌ಗಳೂ ಓದಬಲ್ಲ ರೆಡಿಸ್‌ನಂಥ ಹೊರಗಿನ ಜಾಗಕ್ಕೆ ಸಾಗಿಸಿ, ಕಟ್ಟಿಹಾಕುವುದನ್ನೇ ಬಿಡುವುದು ಸರಿಯಾದ ಪರಿಹಾರ. ಅಷ್ಟು ಸಮಯವಿಲ್ಲದಿದ್ದರೆ ಐಪಿ ಬದಲು ಸೆಷನ್ ಕುಕಿಯ (ಬ್ರೌಸರ್‌ನಲ್ಲಿ ಇಡುವ ಗುರುತಿನ) ಮೇಲೆ ಹ್ಯಾಶ್ ಮಾಡಿ.

4. ಬೇಗ ಉತ್ತರಿಸುವ ಸರ್ವರ್ ಮೇಲೂ ಕಣ್ಣಿಡಿ

ಇದು ಅನೇಕರಿಗೆ ಹೊಳೆಯುವುದಿಲ್ಲ. ಡೇಟಾಬೇಸ್ ಸಂಪರ್ಕ ಕಡಿದ ಸರ್ವರ್ ಪ್ರತಿ ರಿಕ್ವೆಸ್ಟ್‌ಗೂ ಕ್ಷಣಮಾತ್ರದಲ್ಲಿ 500 ಎರರ್ (ಸರ್ವರ್ ಒಳಗಿನ ದೋಷ) ಎಸೆಯುತ್ತದೆ. ಅದರ ಕೈ ಸದಾ ಖಾಲಿ. ಲೀಸ್ಟ್ ಕನೆಕ್ಷನ್ ಹಾಕಿದ್ದರೆ ಹೊಸ ರಿಕ್ವೆಸ್ಟ್‌ಗಳೆಲ್ಲ ಅಲ್ಲಿಗೇ ನುಗ್ಗುತ್ತವೆ! ಎಂಜಿನ್‌ಎಕ್ಸ್ ಡೀಫಾಲ್ಟ್ ಆಗಿ ಸಂಪರ್ಕದ ದೋಷ, ಟೈಮ್‌ಔಟ್‌ನಂಥವನ್ನು ವೈಫಲ್ಯವೆಂದು ಎಣಿಸುತ್ತದೆಯೇ ಹೊರತು 500 ಅನ್ನಲ್ಲ. ಸರ್ವರ್‌ವಾರು ಎಣಿಸುವಾಗ ಸ್ಟೇಟಸ್ ಕೋಡ್ ಕೂಡ ಬೇರ್ಪಡಿಸಿ ನೋಡಲು ಇದೇ ಕಾರಣ.

ಇದರ ಉಲ್ಟಾ ಕೂಡ ಉಂಟು. ಡೀಫಾಲ್ಟ್ ಪ್ರಕಾರ 10 ಸೆಕೆಂಡಿನೊಳಗೆ ಒಂದೇ ಒಂದು ವೈಫಲ್ಯ ಕಂಡರೂ ಎಂಜಿನ್‌ಎಕ್ಸ್ ಆ ಸರ್ವರ್ ಅನ್ನು 10 ಸೆಕೆಂಡು ಹೊರಗಿಡುತ್ತದೆ. ಆಗಾಗ ತಡವರಿಸುವ ಸರ್ವರ್ ಹೀಗೆ ಒಳಗೆ ಹೊರಗೆ ಆಡುತ್ತಿದ್ದರೆ ಅದರ ಪಾಲು ಉಳಿದವುಗಳ ತಲೆಗೆ.

5. ಕ್ಲೌಡ್‌ನಲ್ಲಿದ್ದರೆ

ಅಮೆಜಾನ್‌ನ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರ್‌ನಲ್ಲಿ ಕ್ರಾಸ್ ಝೋನ್ ಹಂಚಿಕೆ (ಒಂದು ಝೋನ್‌ಗೆ, ಅಂದರೆ ಒಂದು ಡೇಟಾ ಸೆಂಟರ್ ಗುಂಪಿಗೆ, ಬಂದ ಟ್ರಾಫಿಕ್ ಅನ್ನು ಇನ್ನೊಂದಕ್ಕೂ ಹಂಚುವುದು) ಡೀಫಾಲ್ಟ್ ಆಗಿ ಆಫ್ ಇರುತ್ತದೆ. ಒಂದು ಝೋನ್‌ನಲ್ಲಿ 2, ಇನ್ನೊಂದರಲ್ಲಿ 8 ಸರ್ವರ್ ಇದ್ದು, ಎರಡು ಝೋನ್‌ಗಳಿಗೂ ಅರ್ಧರ್ಧ ಟ್ರಾಫಿಕ್ ಬಂದರೆ, ಮೊದಲಿನವಕ್ಕೆ ತಲಾ ಶೇ 25, ಎರಡನೆಯವಕ್ಕೆ ತಲಾ ಶೇ 6.25. ಝೋನ್‌ವಾರು ಸರ್ವರ್ ಸಂಖ್ಯೆ ಸರಿದೂಗಿಸಿ, ಇಲ್ಲವೇ ಆ ಸೌಲಭ್ಯ ಆನ್ ಮಾಡಿ.

6. ಬದಲಾಯಿಸಿದ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ, ಮರುದಿನ ಅದೇ ಗಂಟೆಯ ಲಾಗ್ ಮತ್ತೆ ಎಣಿಕೆ. ತಕ್ಷಣವೇ ಗ್ರಾಫ್ ಸಮವಾಗಲಿಲ್ಲವೆಂದು ಎಲ್ಲವನ್ನೂ ಹಿಂದಕ್ಕೆ ತರಬೇಡಿ. ಚಾಟ್, ಲೈವ್ ಸ್ಕೋರ್‌ನಂಥ ವೆಬ್‌ಸಾಕೆಟ್ (ಸದಾ ತೆರೆದಿರುವ) ಸಂಪರ್ಕಗಳು ಕಡಿಯುವವರೆಗೂ ಹಳೆಯ ಸರ್ವರ್‌ನಲ್ಲೇ ಇರುತ್ತವೆ. ಅಷ್ಟು ಕಾಯಲಾಗದಿದ್ದರೆ ರಾತ್ರಿ ದಟ್ಟಣೆ ಇಳಿದ ಮೇಲೆ ಅವನ್ನು ಸ್ವಲ್ಪಸ್ವಲ್ಪವಾಗಿ ಮುಚ್ಚಿಸಿ. ಒಟ್ಟಿಗೆ ಕಡಿದರೆ ಎಲ್ಲರೂ ಒಮ್ಮೆಲೇ ಮರಳಿ ಬಂದು ಬಾಗಿಲು ಬಡಿಯುತ್ತಾರೆ.