ಸಿಮೆಂಟಿನ ಗೆರೆಯಿಲ್ಲದ ಅಂಗಳ: ಮರಳಿನ ಮೇಲೆ ಇಟ್ಟಿಗೆ ಹಾಸುವ ಕ್ರಮ

ಇಟ್ಟಿಗೆ ಹಾಸಿದ ಹಳೆಯ ಅಂಗಳಗಳ ಕಳೆ ಕೆಂಪು ಬಣ್ಣವೊಂದರಿಂದಲೇ ಬಂದದ್ದಲ್ಲ. ಅಲ್ಲಿ ಇಟ್ಟಿಗೆಗಳ ನಡುವೆ ಬೂದುಬಣ್ಣದ ಸಿಮೆಂಟಿನ ಗೆರೆಗಳಿರುವುದಿಲ್ಲ. ಅವು ಮರಳಿನ ಮೇಲೆ ಕೂತು, ಸಂದುಗಳಲ್ಲೂ ಮರಳನ್ನೇ ತುಂಬಿಕೊಂಡು, ನೆಲ ಅಲುಗಿದಾಗ ತಾವೂ ಒಂದಿಷ್ಟು ಅಲುಗಿ ಮತ್ತೆ ನೆಲೆ ನಿಂತಿರುತ್ತವೆ. ಸಿಮೆಂಟಿನಲ್ಲಿ ಬಿಗಿದ ನೆಲಕ್ಕೆ ಈ ಸಡಿಲವಿಲ್ಲದ ಕಾರಣ, ಕೆಳಗಿನ ಮಣ್ಣು ಸ್ವಲ್ಪ ಕುಸಿದರೂ ಅದು ಬಿರುಕು ಬಿಡುತ್ತದೆ. ಆದ್ದರಿಂದ ಸಾಂಪ್ರದಾಯಿಕ ನೋಟ ಬೇಕೆನ್ನುವವರು ಮೇಲ್ಮೈಗಿಂತ ಮೊದಲು ಅದರ ಅಡಿಯನ್ನು ಕುರಿತು ಯೋಚಿಸಬೇಕು.

ಮೊದಲ ಪ್ರಶ್ನೆ ಇಟ್ಟಿಗೆಯದು. ಗೋಡೆ ಕಟ್ಟಿ ಉಳಿದ ಇಟ್ಟಿಗೆಗಳನ್ನು ವ್ಯರ್ಥ ಮಾಡಬಾರದೆಂದು ನಾನೊಮ್ಮೆ ತೋಟದ ಕಾಲುದಾರಿಗೆ ಹಾಸಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವುಗಳ ಅಂಚು ಉದುರಿ, ಮೇಲ್ಪದರ ಹಪ್ಪಳದಂತೆ ಎದ್ದು ಬಂದಿತ್ತು. ಗೋಡೆಯಲ್ಲಿ ಗಾರೆಯ ಆಸರೆಯಲ್ಲಿ ಬಾಳುವ ಇಟ್ಟಿಗೆ, ಸದಾ ಒದ್ದೆಯಾಗಿರುವ ನೆಲದಲ್ಲಿ ಬಾಳಲೇಬೇಕೆಂದಿಲ್ಲ. ಇದಕ್ಕೆ ಹೆಚ್ಚು ಕಾವಿನಲ್ಲಿ ಚೆನ್ನಾಗಿ ಬೆಂದ, ಗಟ್ಟಿಯಾದ ಇಟ್ಟಿಗೆಯೇ ಬೇಕು. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಾಗಿಸಿದಾಗ ಲೋಹದಂಥ ಖಣಖಣ ಸದ್ದು ಬರಬೇಕು. ಉಗುರಿನಿಂದ ಗೀರಿದರೆ ಗುರುತು ಮೂಡಬಾರದು. ಇನ್ನೂ ಖಚಿತವಾಗಿ ತಿಳಿಯಬೇಕಾದರೆ, ಪೂರ್ತಿ ಒಣಗಿದ ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಮೈ ಒರಸಿ ಮತ್ತೆ ತೂಗಿ ನೋಡಿರಿ. 3 ಕೆ.ಜಿ. ತೂಗುವ ಇಟ್ಟಿಗೆ ಸುಮಾರು 240 ಗ್ರಾಂಗಿಂತ, ಎಂದರೆ ಶೇ. 8ಕ್ಕಿಂತ, ಕಡಿಮೆ ನೀರು ಹೀರಿದ್ದರೆ ನಿಶ್ಚಿಂತೆಯಿಂದ ಬಳಸಬಹುದು. ನೀರು ಹೆಪ್ಪುಗಟ್ಟುವಷ್ಟು ಚಳಿಯಿರುವ ಕಡೆ ಈ ಪರೀಕ್ಷೆಯನ್ನು ಬಿಡಲೇಬಾರದು. 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಇಟ್ಟಿಗೆಯಾದರೆ ಚದರ ಮೀಟರಿಗೆ 50 ಹಿಡಿಯುತ್ತವೆ. ಕತ್ತರಿಸುವಾಗ ಒಡೆಯುವುದನ್ನು ಎಣಿಸಿ ನೂರಕ್ಕೆ ಹತ್ತು ಹೆಚ್ಚು ತರಿಸಿಕೊಳ್ಳಿರಿ.

ಅಗೆಯುವ ಆಳವನ್ನು ಕೆಳಗಿನಿಂದ ಲೆಕ್ಕ ಹಾಕಬೇಕು. ಕಾಲುದಾರಿಗೆ 10 ಸೆಂ.ಮೀ. ಜಲ್ಲಿ, 3 ಸೆಂ.ಮೀ. ಮರಳು, 6 ಸೆಂ.ಮೀ. ಇಟ್ಟಿಗೆ, ಒಟ್ಟು 19 ಸೆಂ.ಮೀ.; ಕಾರು ನಿಲ್ಲುವ ಜಾಗವಾದರೆ ಜಲ್ಲಿಯೊಂದೇ 20 ಸೆಂ.ಮೀ. ಇರಲಿ. ಮನೆಯ ಗೋಡೆಯ ಪಕ್ಕದಲ್ಲಿ ಹಾಸುವಾಗ ಇಟ್ಟಿಗೆಯ ಮೇಲ್ಮಟ್ಟವು ಗೋಡೆಯ ತೇವತಡೆ ಪದರಕ್ಕಿಂತ (ನೆಲದ ತೇವ ಮೇಲೇರದಂತೆ ಗೋಡೆಯ ಬುಡದಲ್ಲಿ ಹಾಕಿದ ಪದರ) ಕನಿಷ್ಠ 15 ಸೆಂ.ಮೀ. ತಗ್ಗಿನಲ್ಲಿರಬೇಕು, ಮತ್ತು ಪ್ರತಿ ಮೀಟರಿಗೆ 2 ಸೆಂ.ಮೀ.ನಂತೆ ಮನೆಯಿಂದ ಆಚೆಗೆ ಇಳಿಜಾರು ಇರಬೇಕು. ಈ ಇಳಿಜಾರನ್ನು ಗೂಟ ನೆಟ್ಟು, ದಾರ ಕಟ್ಟಿ, ರಸಮಟ್ಟ ಇಟ್ಟು ಅಗೆತದ ಹಂತದಲ್ಲಿಯೇ ಕೊಡಬೇಕು. ಆಮೇಲೆ ಮರಳಿನಲ್ಲಿ ಸರಿದೂಗಿಸುತ್ತೇನೆಂದರೆ, ಮರಳು ದಪ್ಪವಿದ್ದ ಕಡೆಯೇ ನೆಲ ಕುಸಿದು ನೀರು ನಿಲ್ಲುತ್ತದೆ. ಪುಡಿ ಬೆರೆತ ಜಲ್ಲಿಯನ್ನು ತುಸು ನೀರು ಚಿಮುಕಿಸಿ, ಹತ್ತು ಸೆಂಟಿಮೀಟರಿಗೊಂದು ಪದರದಂತೆ ಬಿಗಿಯಾಗಿ ದಮ್ಮಸ್ಸು ಮಾಡಿರಿ. ಇಲ್ಲಿ ಅವಸರ ಪಟ್ಟರೆ ಮುಂದಿನ ಕೆಲಸವೆಲ್ಲ ನೀರಪಾಲು.

ಮುಂದಿನದು ಅಂಚು. ಮರಳಿನ ಮೇಲಿನ ಇಟ್ಟಿಗೆಗಳು ಪಕ್ಕಕ್ಕೆ ಜಾರದಂತೆ, ಕೊನೆಯ ಸಾಲಿನ ಹೊರಮಗ್ಗುಲಿಗೆ ಕಾಂಕ್ರೀಟಿನ ಒತ್ತು ಕೊಡಬೇಕು. ಸಿಮೆಂಟಿಗೆ ಇಲ್ಲಿ ಕೆಲಸವಿರುವುದು ಇದೊಂದೇ ಜಾಗದಲ್ಲಿ, ಅದೂ ಮಣ್ಣಿನಡಿ ಕಾಣದಂತೆ.

ಮರಳು ಹರಡಲು 3 ಸೆಂ.ಮೀ. ದಪ್ಪದ ಎರಡು ಕೊಳವೆಗಳನ್ನು ಒಂದು ಮೀಟರಿನಷ್ಟು ಅಂತರದಲ್ಲಿ ಜಲ್ಲಿಯ ಮೇಲೆ ಮಲಗಿಸಿ, ನಡುವೆ ದಪ್ಪಕಣದ ಮರಳು ಸುರಿದು, ನೇರವಾದ ಹಲಗೆಯನ್ನು ಕೊಳವೆಗಳ ಮೇಲೆ ಗರಗಸದಂತೆ ಅತ್ತಿತ್ತ ಆಡಿಸುತ್ತ ನಿಮ್ಮತ್ತ ಎಳೆದುಕೊಳ್ಳಿರಿ. ಕೊಳವೆ ತೆಗೆದ ಜಾಡನ್ನು ಕರಣೆಯಿಂದ ತುಂಬಿದರಾಯಿತು. ಆ ಮರಳನ್ನು ತುಳಿಯಬೇಡಿರಿ, ತಟ್ಟಲೂ ಬೇಡಿರಿ. ಹಾಸಿ ಮುಗಿದ ಇಟ್ಟಿಗೆಗಳ ಮೇಲೆ ಹಲಗೆಯಿಟ್ಟು, ಅದರ ಮೇಲೆ ಕುಳಿತು ಮುಂದಕ್ಕೆ ಸಾಗಬೇಕು.

ವಿನ್ಯಾಸದಲ್ಲಿ ನನ್ನ ಒಲವು ಮೀನಿನ ಮುಳ್ಳಿನಂತೆ ಕಾಣುವ ಹೆರಿಂಗ್‌ಬೋನಿನ ಕಡೆಗೆ. ಇದರಲ್ಲಿ ಒಂದು ಇಟ್ಟಿಗೆಯ ತಲೆ ಇನ್ನೊಂದರ ಮಗ್ಗುಲಿಗೆ ತಾಗಿ, ಭಾರವು ಹಲವು ದಿಕ್ಕಿಗೆ ಹಂಚಿಹೋಗುವುದರಿಂದ ಚಕ್ರದ ಒತ್ತಡಕ್ಕೂ ಇಟ್ಟಿಗೆ ಸರಿಯುವುದಿಲ್ಲ. ರೋಮನ್ನರೂ ಹೀಗೆಯೇ ಹಾಸುತ್ತಿದ್ದರು. ತೆನೆಯಂತೆ ಕಾಣುವ ಆ ಕೆಲಸಕ್ಕೆ ಓಪಸ್ ಸ್ಪಿಕಾಟಮ್ ಎಂಬ ಹೆಸರಿದೆ. ಕಾಲುದಾರಿಗಷ್ಟೇ ಆದರೆ ಎರಡು ಅಡ್ಡ, ಎರಡು ಉದ್ದ ಇಡುವ ಬುಟ್ಟಿಹೆಣಿಗೆ ಸಾಕು, ಕತ್ತರಿಸುವ ಕೆಲಸವೂ ಕಡಿಮೆ. ಯಾವುದೇ ಆಗಲಿ, ಒಂದೇ ರಾಶಿಯಿಂದ ಎತ್ತದೆ ಮೂರು ನಾಲ್ಕು ರಾಶಿಗಳಿಂದ ಬೆರೆಸಿ ಹಾಸಿರಿ; ಕಾವಿನ ಹೆಚ್ಚುಕಡಿಮೆಯಿಂದ ಬಂದ ಛಾಯೆಗಳು ಹೀಗೆ ಕಲೆತಾಗಲೇ ಹಳೆಯ ಅಂಗಳದ ಮೈಬಣ್ಣ ಬರುತ್ತದೆ. ಸಂದು 2ರಿಂದ 4 ಮಿ.ಮೀ. ಇರಲಿ, ಮತ್ತು ಅರ್ಧಕ್ಕಿಂತ ಚಿಕ್ಕ ತುಂಡನ್ನು ಅಂಚಿನಲ್ಲಿ ಸಿಕ್ಕಿಸಬೇಡಿರಿ.

ಹಾಸಿದ ನಂತರ ಒಣಗಿದ ಸಣ್ಣ ಮರಳನ್ನು ಕರ್ಣರೇಖೆಯಲ್ಲಿ ಗುಡಿಸಿ ಸಂದುಗಳಿಗೆ ಇಳಿಸಿ, ತಳಕ್ಕೆ ರಬ್ಬರ್ ಹಾಸು ಕಟ್ಟಿದ ಕಂಪನಯಂತ್ರವನ್ನು ಓಡಿಸಿ, ಮರಳು ಇಳಿದಷ್ಟು ಮತ್ತೆ ತುಂಬಿರಿ. ಇಟ್ಟಿಗೆಗಳು ಆಗ ಅರ್ಧ ಸೆಂಟಿಮೀಟರಿನಷ್ಟು ತಗ್ಗುತ್ತವೆ. ಆ ಅಂದಾಜಿನ ಮೇಲೆಯೇ ಮೊದಲು ತುಸು ಎತ್ತರದಲ್ಲಿ ಕೂರಿಸಿರಬೇಕು.

ಮೊದಲ ತಿಂಗಳುಗಳಲ್ಲಿ ಬಿಳಿ ಪುಡಿ ಕಾಣಿಸಿಕೊಂಡರೆ ಗಾಬರಿ ಬೇಡ. ಅದು ನೀರಿನೊಂದಿಗೆ ಮೇಲಕ್ಕೆ ಬಂದ ಲವಣ. ಒಣ ಪೊರಕೆಯಿಂದ ಗುಡಿಸಿದರೆ ಸಾಕು, ಆಸಿಡ್ ಸುರಿದರೆ ಇಟ್ಟಿಗೆಯ ಮೈಯೇ ಸವೆಯುತ್ತದೆ. ಎಲ್ಲಿಯಾದರೂ ಒಂದು ಇಟ್ಟಿಗೆ ಕುಸಿದಿದ್ದರೆ ಎರಡು ಸ್ಕ್ರೂಡ್ರೈವರುಗಳನ್ನು ಎರಡೂ ಬದಿಯ ಸಂದಿಗೆ ಇಳಿಸಿ ಮೀಟಿ ಎತ್ತಿ, ಅಡಿಗೆ ಒಂದು ಬೊಗಸೆ ಮರಳು ಹಾಕಿ, ಅದೇ ಇಟ್ಟಿಗೆಯನ್ನು ಅದೇ ಮುಖ ಮೇಲಾಗುವಂತೆ ಮತ್ತೆ ಕೂರಿಸಿ, ಸಂದುಗಳಿಗೆ ಮರಳು ಗುಡಿಸಿರಿ.